ನಿಮ್ಮ ಪ್ರೋಟೊಕಾಲ್ ಬರೆದು ಕೊಡ್ರಿ

ಅರ್ಧಂಬರ್ಧ ತಿಳಿದ ಶಬ್ದವನ್ನು ಪೂರ್ತಿ ಗತ್ತಿನಿಂದ ಬಳಸುವುದು ನನ್ನ ಹುಟ್ಟುಗುಣ. ಗಜೇಂದ್ರಗಡದ ನೇಕಾರರ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದೂ ಈ ಗುಣದಿಂದಲೇ ಎಂದು ಹೆಂಡತಿ ಶಾಂತವ್ವ ಹೇಳುತ್ತಾಳೆ. ಅವಳಷ್ಟು ಚಂದ ಸೆರಗು ನೇಯುವವರು ಸಂಘದಲ್ಲಿ ಇಲ್ಲವಾದ್ದರಿಂದ ನಾನು ಎದುರಾಡುವುದಿಲ್ಲ.

ಈಚೆಗೆ ನನ್ನ ಕೈಗೆ ಸಿಕ್ಕ ಶಬ್ದ ‘ಪ್ರೋಟೊಕಾಲ್’; ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೀತಿ-ರಿವಾಜಂತೆ. ನಮ್ಮ ಸಂಘದ ಇ-ಮೇಲ್ ಒಂದು ಕಂಪನಿಯದು, ನಮ್ಮಲ್ಲಿ ಸೀರೆ ಕೊಳ್ಳುವ ನರಗುಂದದ ಅಂಗಡಿಯದು ಇನ್ನೊಂದರದು. ಎರಡಕ್ಕೂ ಎಣ್ಣೆ-ಸೀಗೇಕಾಯಿ ಸಂಬಂಧ. ಅಲ್ಲಿಂದ ಹೊರಟ ಚಿತ್ರ ಇಲ್ಲಿ ಮುಟ್ಟುವಷ್ಟರಲ್ಲಿ ಬರೀ ಚೌಕಗಳ ಸಾಲಾಗಿರುತ್ತಿತ್ತು. ಆ ಅಂಗಡಿಗೆ ಬಂದ ಒಬ್ಬ ಮದುಮಗಳು ತನ್ನ ಧಾರೆ ಸೀರೆಯ ಅಂಚಿಗೆ, ನಮ್ಮ ಮಾತಿನಲ್ಲಿ ದಡಿಗೆ, ಎಂದು ಕೈಯಾರೆ ಬರೆದ ಚಿತ್ರವೂ ಹಾಗೇ ಬಂತು. ಶಾಂತವ್ವ ಕಂಪ್ಯೂಟರಿಗೆ ಮೂಗು ತಾಗಿಸಿ ನೋಡಿ, “ಚೌಕಡಿ ದಡಿ ಏನ್ರಿ? ಭಾಳ ಚಲೋ ಐತಿ, ಹಚ್ಚಿಬಿಡ್ಲೇನು?” ಎಂದು ಮಗ್ಗದ ಕಡೆ ಹೊರಟೇಬಿಟ್ಟಳು. ತಡೆದು ನಿಲ್ಲಿಸುವಷ್ಟರಲ್ಲಿ ನನಗೆ ಬೆವರು ಬಂತು.

ಮೊಬೈಲಿನಲ್ಲಿ ತರಿಸಿಕೊಂಡರಾಯಿತಲ್ಲ ಎನ್ನುತ್ತೀರಿ. ಮೇಲ್‌ನಲ್ಲಿ ಬಾರದ ಆರ್ಡರಿಗೆ ನೂಲು ಕೊಡಬಾರದೆಂದು ಸಂಘದ ಠರಾವಿದೆ. ಅದನ್ನು ಮಂಡಿಸಿದ ಮಹಾಶಯನೂ ನಾನೇ.

ನನ್ನ ಹೊರತು ಯಾರಿಗೂ ಚಾಲೂ ಆಗದ ನನ್ನ ಸ್ಕೂಟರ್ ಏರಿ ರೋಣಕ್ಕೆ ಹೋದೆ. ನಮ್ಮ ಮೇಲ್ ಕಂಪನಿಯ ರಿಪೇರಿ ಬಸಣ್ಣ ಇರುವುದು ಅಲ್ಲಿ. “ನೀವ್ಯಾಕ ತಲಿ ಕೆಡಿಸ್ಕೋತೀರಿ ಸರ? ನಾ ಬರ್ತೀನಲ್ಲ!” ಎಂದ. ಯಾವಾಗಲೂ ಅದನ್ನೇ ಅನ್ನುತ್ತಾನೆ. ಬಂದು ಸರಿಮಾಡಿ ಅತ್ತ ಹೋದರೆ ಇತ್ತ ಮತ್ತೆ ಚೌಕ. ನನಗೆ ರೇಗಿತು. ನೇಯ್ಗೆಯಲ್ಲೂ ಅಷ್ಟೇ: ಸೀರೆಯ ಮೈಯ ಹಾಸಿನಲ್ಲಿ, ಅಂದರೆ ಉದ್ದನೂಲಿನಲ್ಲಿ, ಎಳೆ ಎಷ್ಟೆಂದು ಹೇಳದಿದ್ದರೆ ಸೆರಗಿನ ಹಾಸನ್ನು ಅದಕ್ಕೆ ಕೊಂಡಿ ಹಾಕಿ ಜೋಡಿಸುವುದು ಹೇಗೆ? ಎರಡೂ ಕಂಪನಿಗಳಿಗೆ ಬರೆದೆ: ‘ತಮ್ಮ ಪ್ರೋಟೊಕಾಲನ್ನು ಲಿಖಿತವಾಗಿ ಒದಗಿಸತಕ್ಕದ್ದು.’

ನರಗುಂದದವರ ಕಂಪನಿ ಲಗುಬಗೆಯಿಂದ ಕಳಿಸಿತು. ನಮ್ಮ ಕಂಪನಿಯ ಉತ್ತರ ಹೀಗಿತ್ತು: ‘ಸಾಹೇಬರಿಗೆ ಹಾರ ಬೇಡ, ಶಾಲು ಸಾಕು. ಚಹಾಕ್ಕೆ ಸಕ್ಕರೆ ಹಾಕಬಾರದು. ಕಾರಿಗೆ ನೆರಳಿರಲಿ.’

ಶಾಂತವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮಂತ್ರಿ ಬರೂಮುಂದ ಮಾಡ್ತಾರಲ್ರಿ, ಆ ಪ್ರೋಟೊಕಾಲ್ ಅಂತ ತಿಳ್ಕೊಂಡಾರ! ನಮ್ಮ ಮಾತಿನ್ಯಾಗ ಬರೀರಿ.”

ಗತ್ತು ಮಡಚಿಟ್ಟು ಬರೆದೆ: ‘ನಿಮ್ಮ ಮೇಲ್ ಹ್ಯಾಂಗ ಹೋಗತೈತಿ, ಹ್ಯಾಂಗ ಬರತೈತಿ, ಅಷ್ಟ ಬರದು ಕೊಡ್ರಿ. ನರಗುಂದದ್ದಕ್ಕ ಕೊಂಡಿ ಹಾಕಬೇಕು.’ ಆಶ್ಚರ್ಯ, ಕೊಟ್ಟರು! ಎರಡು ಬರಹ ಎದುರುಬದುರು ಇಟ್ಟುಕೊಂಡು ಬಸಣ್ಣನೇ ಕೊಂಡಿ ಹಾಕಿದ. ಚಿತ್ರ ತೆರೆಯಿತು. ದಡಿಯುದ್ದಕ್ಕೂ ಸಾಲಾಗಿ ಕೂತ ಗುಬ್ಬಿಗಳು! ನನಗಾದ ಸಂತೋಷಕ್ಕೆ ಇಡೀ ಸಂಘಕ್ಕೆ ಮಿರ್ಚಿ ಭಜಿ ತಿನ್ನಿಸಿದೆ.

ಮದುವೆಗೆ ಮೊದಲೇ ಸೀರೆ ಮುಗಿಯಿತು. “ನರಗುಂದಕ್ಕ ನಾನಽ ಒಯ್ದು ಕೊಡ್ತೀನ್ರಿ,” ಎಂದಳು ಶಾಂತವ್ವ. “ನಿಮ್ಮ ಸ್ಕೂಟರ್ ಹ್ಯಾಂಗ ಚಾಲೂ ಆಗತೈತಿ, ಒಂದು ಚೀಟಿ ಮ್ಯಾಲ ಬರದು ಕೊಡ್ರಿ.”

ಎಡಕ್ಕೆ ವಾಲಿಸಬೇಕು, ಉಸಿರು ಬಿಗಿಹಿಡಿದು ಒದೆಯಬೇಕು, ನಡುವೆ ಒಂದು ಬೈಗುಳ. ಇದನ್ನೆಲ್ಲ ಬರೆದು ಕೊಟ್ಟರೆ ಮನೆಯಲ್ಲಿ ನನ್ನ ಬೆಲೆಯೇನು?

“ನೀ ಯಾಕ ತಲಿ ಕೆಡಿಸ್ಕೋತಿ?” ಎಂದೆ. “ನಾ ಬರ್ತೀನಲ್ಲ!”

ಶಾಂತವ್ವ ಸೀರೆಯ ಗಂಟನ್ನು ಕಂಕುಳಿಗೇರಿಸಿ ಹೇಳಿದಳು: “ಹಂಗಾರ ನಡೀರಿ, ಬಸಣ್ಣಾರ.”