ರಬ್ಬಿಗೆ ಹತ್ತು ತಲೆ ಬೇಕು

ನಾನು ಸುಮ್ಮನೆ ಕಾರಲ್ಲಿ ಕೂತಿದ್ರೂ ತರಲೆಗಳು ತಾವಾಗೇ ಬಂದು ಕಿಟಕಿ ಬಡಿಯುತ್ತವೆ. ಬೈಸಿಕೊಳ್ಳೋನು ಮಾತ್ರ ನಾನು. ಹೈಸ್ಕೂಲಿಂದ ಅರ್ಧಕ್ಕೇ ಹೊರಗೆ ಹಾಕಿಸಿಕೊಂಡು ಮನೇಲಿದ್ದಾಗ ಅಮ್ಮ ನನ್ನನ್ನ ಪಕ್ಕದ ಮನೆ ರಬ್ಬಿಗೆ ಡ್ರೈವರ್ ಮಾಡಿಬಿಟ್ಟಳು. ರಬ್ಬಿ ಅಂದ್ರೆ ಯಹೂದಿಗಳ ಗುರು. ಇವರು ಮೊದಲು ಶಿಕಾಗೋದಲ್ಲಿ, ಆಮೇಲೆ ನಮ್ಮ ವೆಸ್ಟ್ ಬ್ಲೂಮ್‌ಫೀಲ್ಡಲ್ಲಿ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಟ್ಟೂ ಕೊಟ್ಟೂ ಗಡ್ಡ ಬೆಳ್ಳಗಾದೋರು. ಈಗ ಕಣ್ಣು ಮಂಜು. "ದೊಡ್ಡೋರ ಜೊತೆ ಓಡಾಡು, ಸ್ವಲ್ಪ ಭಯಭಕ್ತಿ ಬರಲಿ" ಅಂದಳು ಅಮ್ಮ. ಭಯಭಕ್ತಿ ಬರಲಿಲ್ಲ. ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ಲಾಭ, ಎರಡು, ಮೂರು

ಅವರ ಪ್ರಾರ್ಥನಾ ಮಂದಿರಕ್ಕೆ ಸಿನಗಾಗ್ ಅಂತಾರೆ. ಕೆಲವು ಪ್ರಾರ್ಥನೆ ಹೇಳಬೇಕಾದ್ರೆ ಅಲ್ಲಿ ಹತ್ತು ಮಂದಿ ದೊಡ್ಡೋರು ಇರಲೇಬೇಕು, ಯಹೂದಿಗಳೇ ಆಗಿರಬೇಕು. ಮೊದಲನೇ ದಿನ ರಬ್ಬಿ, ಎಷ್ಟು ಜನ ಬಂದಿದಾರೆ ನೋಡು ಅಂದ್ರು. ನಾನು ಬಾಗಿಲಲ್ಲಿ ನಿಂತು ಬೆರಳು ತೋರಿಸಿ ಒನ್, ಟೂ, ತ್ರೀ ಅಂದೆ. ಅಷ್ಟರಲ್ಲಿ ಒಬ್ಬ ತಾತ ಊರುಗೋಲು ಎತ್ತಿಕೊಂಡೇ ಬಂದ, ಮನುಷ್ಯರನ್ನ ಕುರಿ ಥರ ಎಣಿಸ್ತೀಯಾ ಅಂತ. ಎಣಿಸೋಕೆ ಅವರಲ್ಲಿ ಹತ್ತು ಪದದ ಒಂದು ಸಾಲಿದೆಯಂತೆ. ತಲೆಗೊಂದು ಪದ, ಸಾಲು ಮುಗಿದ್ರೆ ಹತ್ತು ಮಂದಿ ಸೇರಿದ ಹಾಗೆ.

ನನಗೇನು ಹೊಸದಾ ಇದು? ಮೈಸೂರಲ್ಲಿ ನಮ್ಮಜ್ಜಿ ಸೇರಲ್ಲಿ ಅಕ್ಕಿ ಅಳೆಯುವಾಗ ಒಂದು ಅನ್ನಲ್ಲ, ಲಾಭ ಅಂತಾಳೆ. ಆಮೇಲೆ ಎರಡು, ಮೂರು. ರಬ್ಬಿಗೆ ಇದರ ಅರ್ಥ ಹೇಳಿ, ಮಾರನೇ ದಿನ ಹಾಗೇ ಶುರು ಮಾಡಿದೆ. ಮುಂದಿನ ಬೆಂಚಲ್ಲಿ ಕಮಿಟಿ ಅಧ್ಯಕ್ಷರು ಗೊರಕೆ ಹೊಡೀತಿದ್ರು.

"ಅವನಿಂದ ಶುರು ಮಾಡಬೇಡ" ಅಂದ್ರು ರಬ್ಬಿ. "ಅವನು ಇಪ್ಪತ್ತು ವರ್ಷದಿಂದ ನಷ್ಟ."

ಡಬಲ್ ಸ್ಪೀಡು

ಮಂಗಳವಾರ ಬೇಸ್‌ಮೆಂಟಲ್ಲಿ ಮಕ್ಕಳ ಕ್ಲಾಸು. ಹದಿಮೂರಕ್ಕೆ ಅವರಿಗೆ ಬಾರ್ ಮಿಟ್ಸ್ವಾ ಆಗತ್ತೆ, ನಮ್ಮ ಉಪನಯನದ ಹಾಗೆ. ಅದಕ್ಕೆ ತಯಾರಿ. ಒಬ್ಬ ಹುಡುಗ ಪ್ರಾರ್ಥನೆ ಹೇಳಿದ, ಹರಾಜು ಕೂಗಿದ ಹಾಗಿತ್ತು. ರಬ್ಬಿ ಮಾಡಿಕೊಟ್ಟ ರೆಕಾರ್ಡಿಂಗನ್ನ ಡಬಲ್ ಸ್ಪೀಡಲ್ಲಿ ಹಾಕ್ಕೊಂಡು ಕಲಿತಿದ್ದಾನೆ. ಟೈಮ್ ಉಳಿಯತ್ತೆ ಅಂತ ಅವನಪ್ಪನೇ ಹೇಳಿಕೊಟ್ಟ ಉಪಾಯ. ಆ ಅಪ್ಪ ಹೊರಗೆ ಕಾರು ಆಫ್ ಕೂಡ ಮಾಡದೆ ಹಾರ್ನ್ ಹೊಡೀತಿದ್ದ. ರಬ್ಬಿ ಕಣ್ಣು ಒರೆಸಿಕೊಂಡು ಮುಂದಿನ ಹುಡುಗನನ್ನ ಕರೆದ್ರು. ನನಗೆ ಮೈಯೆಲ್ಲ ಉರಿದುಹೋಯ್ತು.

ಹೋಗಿ ಆ ಅಪ್ಪನನ್ನ ಒಳಗೆ ಕರೆದೆ. ಅಂಕಲ್, ಇವತ್ತು ನಿಂತು ಹೇಳೋ ದೊಡ್ಡ ಪ್ರಾರ್ಥನೆ, ಅಪ್ಪಂದಿರೂ ನಿಲ್ಲಬೇಕಂತೆ ಅಂದೆ. ಎರಡೂ ಪಾದ ಜೋಡಿಸಿ ನಿಲ್ಲಬೇಕು, ಅಲ್ಲಾಡೋ ಹಾಗಿಲ್ಲ, ಕೊನೇಲಿ ಮೂರು ಹೆಜ್ಜೆ ಹಿಂದೆ ಹೋದ ಮೇಲೇ ಬಿಡುಗಡೆ. ಇದೆಲ್ಲ ನಿಜವೇ. ಕೊನೆ ಯಾವಾಗ ಅಂತ ಮಾತ್ರ ನಾನು ಹೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಕ್ಲಾಸು ಮುಗೀತು, ಮಕ್ಕಳು ಹೋದ್ರು, ರಬ್ಬಿ ಲೈಟ್ ಆರಿಸಿದ್ರು. ಕತ್ತಲಲ್ಲಿ ಕಾರಿನ ಕೀ ಕಿಣಿಕಿಣಿ ಅಂದಾಗಲೇ ಅವನು ಇನ್ನೂ ನಿಂತಿದಾನೆ ಅಂತ ರಬ್ಬಿಗೆ ಗೊತ್ತಾಗಿದ್ದು.

ಕೈ ಮುಗಿಯೋ ಇಮೋಜಿ

ಚಳಿಗಾಲದಲ್ಲಿ ರಬ್ಬಿಯ ಹೆಂಡತಿ ಹೋಗಿಬಿಟ್ರು. ನನಗೆ ದಿನಾ ಬಿಸ್ಕೆಟ್ ಕೊಡ್ತಿದ್ದೋರು. ತೀರಿಹೋದವರಿಗೋಸ್ಕರ ಕದ್ದಿಶ್ ಅನ್ನೋ ಪ್ರಾರ್ಥನೆ ಇದೆ; ತಿಂಗಳು ಪೂರ್ತಿ ದಿನಾ ಹೇಳಬೇಕು. ಅದಕ್ಕೂ ಹತ್ತು ಮಂದಿ ಬೇಕು. ಮೊದಲ ವಾರ ಮನೆ ತುಂಬ ಜನ. ಎರಡನೇ ವಾರ ಸಿನಗಾಗಲ್ಲಿ ಏಳು ಮಂದಿ, ಎಂಟು ಮಂದಿ. ಶಿಕಾಗೋದಿಂದ ಇಲ್ಲೀವರೆಗೆ ಊರೂರಿಗೆ ಆ ಪ್ರಾರ್ಥನೆ ಕಲಿಸಿದ ಮನುಷ್ಯ, ಅದನ್ನ ಹೇಳದೆ ಪುಸ್ತಕ ಮುಚ್ಚಿ ಕಾರಿಗೆ ಬಂದು ಕೂರೋರು. ಬೆಲ್ಟು ಹಾಕೋಕೂ ಕೈ ಬರ್ತಿರಲಿಲ್ಲ.

ಒಂದಿನ ಒಂಬತ್ತು ಮಂದಿ ಸೇರಿದ್ರು. ನಾನು ಟೋಪಿ ಹಾಕ್ಕೊಂಡು ಕೂತ್ಕೊಳ್ಳಲಾ ಅಂದೆ. ನೀನು ಲೆಕ್ಕಕ್ಕೆ ಬರಲ್ಲಪ್ಪ ಅಂದ್ರು, ಬೇಜಾರಲ್ಲೇ. ರಬ್ಬಿಯ ಫೋನ್ ನೋಡಿದ್ರೆ, ಬನ್ನಿ ಅಂದಿದ್ದಕ್ಕೆ ಕಮಿಟಿ ಗ್ರೂಪಲ್ಲಿ ಸಾಲಾಗಿ ಕೈ ಮುಗಿಯೋ ಇಮೋಜಿ. ಇವು ಲೆಕ್ಕಕ್ಕೆ ಬರತ್ತಾ ಅಂತ ಕೇಳಿದೆ.

"ನಿನಗಿಂತ ಕಡಿಮೆ" ಅಂದ್ರು.

ಕ್ಯಾನ್ಸಲ್

ಅವತ್ತು ಸಂಜೆ ರಬ್ಬಿಯ ಫೋನಿಂದ ಅವರ ಹಳೇ ಶಿಷ್ಯರಿಗೆಲ್ಲ ನಾನೇ ಮೆಸೇಜ್ ಹಾಕಿದೆ: "ನಿನ್ನ ಪ್ರಾರ್ಥನೆಯಲ್ಲಿ ತಪ್ಪಿತ್ತು ಅಂತ ಈಗ ನೆನಪಾಯ್ತು. ಗುರುವಾರ ಸಂಜೆ ಬಂದು ಸರಿಯಾಗಿ ಹೇಳು. ಇಲ್ಲದಿದ್ರೆ ನಿನ್ನ ಬಾರ್ ಮಿಟ್ಸ್ವಾ ಕ್ಯಾನ್ಸಲ್."

ಅದು ಕ್ಯಾನ್ಸಲ್ ಆಗೋದೇ ಇಲ್ಲ. ಹದಿಮೂರು ತುಂಬಿದ್ರೆ ತಾನಾಗೇ ದೊಡ್ಡೋನಾದ ಹಾಗೆ. ರಬ್ಬಿ ಎಲ್ಲರಿಗೂ ಮೊದಲನೇ ಕ್ಲಾಸಲ್ಲೇ ಹೇಳೋದು ಇದನ್ನೇ. ಒಬ್ಬನಿಗಾದ್ರೂ ನೆನಪಿರಬೇಕಲ್ಲ! ಗುರುವಾರ ಬಂದ್ರು ನೋಡಿ. ಹಲ್ಲಿನ ಡಾಕ್ಟರ್ ಮಾಸ್ಕ್ ಸಮೇತ ಬಂದ. ಡಬಲ್ ಸ್ಪೀಡ್ ಅಪ್ಪ ಬಂದ, ಅವನೂ ಹಳೇ ಶಿಷ್ಯನೇ. ಶಿಕಾಗೋದಿಂದ ಒಬ್ಬ ಬೋಳುತಲೆ ಜಡ್ಜು ಮಂಜಲ್ಲಿ ಡ್ರೈವ್ ಮಾಡ್ಕೊಂಡು ಬಂದು, "ರಬ್ಬಿ, ಮುಂದಿನ ತಿಂಗಳು ನನ್ನ ಮಗಳ ಮದುವೆ. ಈಗ ಕ್ಯಾನ್ಸಲ್ ಮಾಡಬೇಡಿ" ಅಂತ ಕೈ ಹಿಡ್ಕೊಂಡ.

ರಬ್ಬಿ ನನ್ನ ಕಡೆ ತಿರುಗಿದ್ರು. ನಾನು ಗೋಡೆ ನೋಡಿದೆ. ಆಮೇಲೆ ಅವರು ತಲೆಗೊಂದು ಪದ ಹೇಳ್ತಾ ಹೋದ್ರು. ಮೊದಲನೇದಕ್ಕೆ ನಾನು ಮನಸ್ಸಲ್ಲೇ ಲಾಭ ಅಂದೆ. ಸಾಲು ಮುಗೀತು, ತಲೆ ಇನ್ನೂ ಮಿಕ್ಕಿತ್ತು. ರಬ್ಬಿ ಕದ್ದಿಶ್ ಹೇಳಿದ್ರು. ನಡುವೆ ಒಂದು ಕಡೆ ನಿಲ್ಲಿಸಿದ್ರು. ಎಲ್ಲರೂ ಕಾದ್ರು, ಯಾರೂ ವಾಚ್ ನೋಡಲಿಲ್ಲ.

ಮುಗಿದ ಮೇಲೆ ಬಾಗಿಲಿಗೆ ಚಿಲಕ ಹಾಕಿ, ಈಗ ಪರೀಕ್ಷೆ ಅಂದ್ರು. ಜಡ್ಜು ಎರಡನೇ ಸಾಲಲ್ಲೇ ತಡವರಿಸಿದ. ಪಾದ ಜೋಡಿಸಿ ನಿಂತಿದ್ದ ಆ ಅಪ್ಪ ನನ್ನ ಕಡೆ ಬಾಗಿ, "ಮೂರು ಹೆಜ್ಜೆ ಹಿಂದೆ ಯಾವಾಗಪ್ಪಾ?" ಅಂದ.

ಕಾರಲ್ಲಿ ರಬ್ಬಿ ತಾವೇ ಬೆಲ್ಟು ಹಾಕ್ಕೊಂಡ್ರು. ಬೈಗುಳಕ್ಕೆ ತಯಾರಾಗಿ ಕೂತೆ. ಫೋನ್ ನನ್ನ ಕೈಗೇ ಕೊಟ್ರು.

"ಇನ್ನೊಂದು ಮೆಸೇಜ್ ಹಾಕು. ಎಲ್ಲರೂ ಫೇಲ್. ತಿಂಗಳು ಮುಗಿಯೋವರೆಗೂ ದಿನಾ ಬೆಳಿಗ್ಗೆ ಏಳಕ್ಕೆ ಮರುಪರೀಕ್ಷೆ."

"ಶಿಕಾಗೋದ ಜಡ್ಜಿಗೂನಾ?"

"ಅವನಿಗೆ ಆರೂವರೆ ಅಂತ ಹಾಕು. ಅವನು ಯಾವಾಗ್ಲೂ ಲೇಟು."