ಅತ್ತೆಯವರು ಮತ್ತು ಮುಳುಗುವ ಭೂಫಲಕ

ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತರೆ ನಾನು ಶಿವನನ್ನು ಏನೂ ಬೇಡುವುದಿಲ್ಲ. ಕೊಟ್ಟದ್ದನ್ನು ನೆನೆಯುತ್ತೇನೆ, ಅಷ್ಟೆ. ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಅತ್ತೆಯವರು ಬೈದರು. ಹೌದು, ಬೈದದ್ದನ್ನೂ ಕೃಪೆಯ ಲೆಕ್ಕಕ್ಕೇ ಹಾಕುತ್ತೇನೆ. ಅವರ ಬೈಗುಳ ಮಾತ್ರೆಯಂತೆ, ಕಹಿ, ಆದರೆ ಬೇಗ ಇಳಿಯುತ್ತದೆ. ಅವರು ಸುಮ್ಮನಾದರೇ ನನಗೆ ಜ್ವರ.

ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಗ್ರೈಂಡರ್ ಬಂದ ದಿನ ಅವರು ಸುಮ್ಮನಾದರು. ಅಡುಗೆಮನೆ ಚಿಕ್ಕದು. ಗ್ರೈಂಡರಿಗೆ ಜಾಗ ಮಾಡಲು, ಅತ್ತೆಯವರು ತಮ್ಮ ಮದುವೆಯ ಕಾಲದಿಂದ ರುಬ್ಬುತ್ತಿದ್ದ ಒರಳುಕಲ್ಲನ್ನು ಹಿತ್ತಲಿಗೆ ಉರುಳಿಸಿದೆವು. ಹೊಸ ಯಂತ್ರಕ್ಕೆ ಕುಂಕುಮ ಹಚ್ಚುವ ಸಂಭ್ರಮದಲ್ಲಿ ಅವರನ್ನೊಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸಂಜೆ, ಕಾಲೇಜಿನಲ್ಲಿ ಭೂವಿಜ್ಞಾನ ಓದುವ ಮಗಳು ಶೈಲಾ ಪಡಸಾಲೆಯಲ್ಲಿ ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದಳು. ನೆಲವೆಲ್ಲ ದೊಡ್ಡ ದೊಡ್ಡ ಫಲಕಗಳಂತೆ, ಅವು ಮೆಲ್ಲಗೆ ಚಲಿಸುತ್ತವಂತೆ. ಎರಡು ಎದುರಾದರೆ ಹಳೆಯದು, ತಣ್ಣಗಾದದ್ದು, ಭಾರವಾದದ್ದು ಇನ್ನೊಂದರ ಅಡಿಗೆ ಜಾರಿ ಮುಳುಗಿಹೋಗುತ್ತದಂತೆ. ಅಕ್ಕಿ ಆರಿಸುತ್ತಿದ್ದ ಅತ್ತೆಯವರ ಕೈ ನಿಂತಿತು.

“ನಿಮ್ಮವ್ವ ಹೇಳಿಕೊಟ್ಟು ಓದಿಸ್ತಾಳೇನು?”

ಪುಸ್ತಕದಲ್ಲೇ ಹಾಗಿದೆಯೆಂದರೂ ಕೇಳಲಿಲ್ಲ. ಎದ್ದು ಚೀಲಕ್ಕೆ ಎರಡು ಸೀರೆ ತುರುಕಿದರು. ಹರಿಹರದ ಮಗಳ ಮನೆಗೆ ಹೊರಟರಂತೆ, ಇನ್ನು ಇತ್ತ ತಲೆ ಹಾಕುವುದಿಲ್ಲವಂತೆ. ನಮ್ಮ ಮನೆಯವರು ಪೇಪರಿನ ಮರೆಗೆ ಸರಿದರು. ಕಲ್ಲನ್ನು ಮತ್ತೆ ಒಳಗೆ ತರಿಸುತ್ತೇನೆಂದು ನಾನು ಗೋಗರೆದೆ. ಇಷ್ಟು ವರ್ಷವಾದರೂ ಸಾರಿಗೆ ಉಪ್ಪು ಹಾಕುವಾಗ ಅವರ ಮುಖ ನೋಡುವವಳು ನಾನು. ಅವರು ಹೋದರೆ ಗತಿಯೇನು?

ಅತ್ತೆಯವರು ಚಪ್ಪಲಿ ಮೆಟ್ಟುವಾಗ ಶೈಲಾ ಅಡ್ಡ ನಿಂತಳು.

“ಅಜ್ಜಿ, ಪೂರ್ತಿ ಕೇಳು. ಮುಳುಗೋದು ಸುಮ್ನೆ ಮುಳುಗಲ್ಲ. ತನ್ನ ಭಾರದಿಂದ ಹಿಂದಿನ ಫಲಕಾನೆಲ್ಲ ಎಳ್ಕಂಡು ಹೋಗ್ತೈತೆ. ಫಲಕ ಚಲಿಸಾಕೆ ಅದೇ ದೊಡ್ಡ ಕಾರಣ.”

ಚೀಲ ಕೆಳಗಿಳಿಯಿತು.

“ಎಳೆಯೋದು ಹಳೇದೇ ಅಂತ ಬರದಾರೇನು?”

“ಹೂಂ.”

“ಮತ್ತ ಮೇಲಿಂದು ಏನ್ ಮಾಡ್ತೈತೆ?”

ಶೈಲಾ ನನ್ನತ್ತ ನೋಡಿ ದನಿ ತಗ್ಗಿಸಿದಳು. “ಅದು ಸುಕ್ಕುಗಟ್ತೈತೆ, ನಡುಗ್ತೈತೆ. ಅಲ್ಲಲ್ಲಿ ಬೆಂಕಿ ಉಗುಳ್ತೈತೆ.”

“ನಮ್ಮನಿ ನೋಡೇ ಬರದಾರ ಬಿಡು,” ಎಂದು ಅತ್ತೆಯವರು ನಕ್ಕು, ಚಪ್ಪಲಿ ಬಿಟ್ಟು ಒಳಗೆ ಬಂದರು.

ಮರುದಿನ ಗ್ರೈಂಡರ್ ಪಕ್ಕ ಮಣೆ ಹಾಕಿಕೊಂಡು ಕೂತು, ಹಿಟ್ಟಿಗೆ ಎಷ್ಟು ನೀರು, ಯಾವಾಗ ನಿಲ್ಲಿಸಬೇಕು ಎಂದೆಲ್ಲ ಅಪ್ಪಣೆ ಕೊಟ್ಟರು. ದೋಸೆ ಹೂವಿನಂತೆ ಬಂತು. ಮನೆ ಎಳೆಯುತ್ತಿರುವವಳು ನಾನೇ ಎಂದು ಇಷ್ಟು ದಿನ ಒಳಗೊಳಗೇ ಬೀಗುತ್ತಿದ್ದೆ. ನಾನು ಬರೀ ಮೇಲೆ ಕೂತು ನಡುಗುತ್ತಿದ್ದೆನೆಂದು ಈಗ ತಿಳಿಯಿತು. ಇರಲಿ. ಈಚೆಗೆ ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು, ರವಿಕೆಗಳೆಲ್ಲ ಬಿಗಿ. ಶಿವನ ದಯೆ, ನಾನೂ ಭಾರವಾಗುತ್ತಿದ್ದೇನೆ.