ಅಂದಪ್ಪ ನೋಡಿದ ಬೊಂಬಾಯಿ

ಸಂತೆಯ ದಿನ ಬೆಳಗ್ಗೆ ಅಬ್ದುಲಸಾಬ ತನ್ನ ಬಯಸ್ಕೋಪಿನ ಡಬ್ಬಿಯನ್ನು ಕುಷ್ಟಗಿಯಲ್ಲಿ ಬೇರೆ ಎಲ್ಲಾದರೂ ಇಳಿಸಿದ್ದರೆ ಅಂದಪ್ಪನ ಮಾನಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಆ ಪುಣ್ಯಾತ್ಮ ತಂದು ಇಳಿಸಿದ್ದು ಸಾವಕಾರ ಕೊಟ್ರಬಸಪ್ಪನವರ ಜವಳಿ ಅಂಗಡಿಯ ಕಟ್ಟೆಯ ಮುಂದೆ, ಅದೂ ಅಂದಪ್ಪ ಬಾಗಿಲ ಹಲಗೆಗಳನ್ನು ಒಂದೊಂದಾಗಿ ತೆಗೆದಿಡುತ್ತಿದ್ದ ಹೊತ್ತಿಗೆ. ಮೂರು ಕಾಲಿನ ಮೇಲೆ ನಿಂತ ತಗಡಿನ ಡಬ್ಬಿ, ಅದಕ್ಕೆ ಮೂರು ಗಾಜಿನ ಕಣ್ಣು, ಪಕ್ಕದಲ್ಲೊಂದು ಹಿಡಿಕೆ. ಹಿಡಿಕೆ ತಿರುವಿದರೆ ಒಳಗೆ ಬೊಂಬಾಯಿಯ ಚಿತ್ರಗಳು ಒಂದರ ಹಿಂದೊಂದು ಸರಿಯುತ್ತವೆ. ಡಬ್ಬಿಯನ್ನು ಕಂಡದ್ದೇ ತಡ, ಹಲಗೆ ಕೈಜಾರಿ ಅಂದಪ್ಪನ ಕಾಲಿನ ಹೆಬ್ಬೆರಳಿನ ಮೇಲೆ ಬಿತ್ತು. ನೋವಾಗಿದ್ದು ಅವನಿಗೆ ಗೊತ್ತಾದದ್ದು ಮಧ್ಯಾಹ್ನದ ಮೇಲೆ.

ಯಾಕೆಂದರೆ ಅಂದಪ್ಪ ಊರಿಗೆಲ್ಲ ಬೊಂಬಾಯಿ ಅಂದಪ್ಪ. ಎರಡು ವರ್ಷದ ಹಿಂದೆ ಸಾವಕಾರರು ಅವನನ್ನು ಜವಳಿ ಗಂಟು ತರಲು ಬೊಂಬಾಯಿಗೆ ಕಳಿಸಿದ್ದರು. ಆವತ್ತಿನಿಂದ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಆ ಊರನ್ನು ವರ್ಣಿಸುವುದು ಅವನ ಪಾಲಿಗೆ ಬಂದ ಕೆಲಸ. ಬೋರಿಬಂದರಿನ ಗುಮಟ, ರಾಣಿಬಾಗಿನ ಹುಲಿ, ಗುಡ್ಡದ ಮೇಲಿನ ತೋಟ, ಎರಡಂತಸ್ತಿನ ಟ್ರಾಮು, ಸಮುದ್ರದ ದಂಡೆಯ ಕಲ್ಲಿನ ದರವಾಜ, ಒಂದನ್ನೂ ಬಿಡುತ್ತಿರಲಿಲ್ಲ. ಆಕಾಶಕ್ಕೆ ಮುಟ್ಟುವ ಗಡಿಯಾರದ ಗೋಪುರದ ಬಗ್ಗೆ ಹೇಳುವಾಗ, "ನಾ ನೋಡಿದಾಗ ಹತ್ತೂ ಕಾಲು ಆಗಿತ್ತು" ಎಂದು ಸೇರಿಸುತ್ತಿದ್ದ. ಅಷ್ಟು ಕರಾರುವಾಕ್ಕಾಗಿ ಹೇಳುವ ಮನುಷ್ಯ ಸುಳ್ಳು ಹೇಳಿಯಾನೇ ಎಂದು ಜನ ತಲೆದೂಗುತ್ತಿದ್ದರು.

ಅಂದಪ್ಪ ಬೊಂಬಾಯಿಗೆ ಹೋದದ್ದು ನಿಜವೇ. ಐದು ದಿನ ಇದ್ದದ್ದೂ ನಿಜ. ನೋಡಿದ್ದು ಮಾತ್ರ ಏನೂ ಇಲ್ಲ. ಮೊದಲ ದಿನ ಬೆಳಗ್ಗೆ ತಾನು ಇಳಿದುಕೊಂಡಿದ್ದ ದಲಾಲರ ಅಡತಿ ಅಂಗಡಿಯಿಂದ ಬೀದಿಗಿಳಿದ. ಎದುರಿನಿಂದ ಟ್ರಾಮು ಗಂಟೆ ಬಾರಿಸುತ್ತ ಬಂತು, ಹಿಂದಿನಿಂದ ಗಂಟು ಹೊತ್ತ ಹಮಾಲನೊಬ್ಬ ಗುದ್ದಿದ, ಎಡಗಾಲಿನ ಚಪ್ಪಲಿ ಹಳಿಯ ಆಚೆ ಹೋಯಿತು. ಅಂದಪ್ಪ ಚಪ್ಪಲಿಯ ಆಸೆ ಬಿಟ್ಟು ಅಂಗಡಿಯೊಳಗೆ ಓಡಿದವನು ಮತ್ತೆ ಹೊರಗೆ ಬಂದದ್ದು ಊರಿಗೆ ಹೊರಟ ದಿನವೇ. ಅಷ್ಟೂ ದಿನ ಅವನು ಕಂಡ ಬೊಂಬಾಯಿ ಎಂದರೆ ಕಿಟಕಿಯ ಎದುರಿನ ಗೋಡೆ ಮತ್ತು ಅದರ ಮೇಲೆ ಯಾರೋ ಒಣಹಾಕಿದ್ದ ಒಂದು ಧೋತರ.

ವಾಪಸು ಬಂದು ಕೊಪ್ಪಳದ ಟೇಶನ್ನಿನಲ್ಲಿ ಇಳಿದಾಗ, ಊರಲ್ಲಿ ಏನು ಹೇಳುವುದು ಎಂಬ ಚಿಂತೆ ಅವನನ್ನು ಹಣ್ಣು ಮಾಡಿತ್ತು. ಅಲ್ಲೇ ಬೇವಿನ ಮರದ ಕೆಳಗೆ ಅಬ್ದುಲಸಾಬ ಡಬ್ಬಿ ಇಟ್ಟುಕೊಂಡು ಕೂಗುತ್ತಿದ್ದ. ಕುಷ್ಟಗಿಯ ಬಂಡಿ ಬರುವವರೆಗೆ ಅಂದಪ್ಪ ನಾಲ್ಕು ಸಲ ನೋಡಿದ. ಹೀಗೆ ಬೊಂಬಾಯಿಗೆ ಹೋಗಿಬಂದ ಅಂದಪ್ಪ ಬೊಂಬಾಯಿಯನ್ನು ಕೊಪ್ಪಳದಲ್ಲಿ ನೋಡಿದ. ಚಿತ್ರಗಳೂ ಅಬ್ದುಲಸಾಬನವು, ಮಾತುಗಳೂ ಅಬ್ದುಲಸಾಬನವು.

ಇಷ್ಟೇ ಆಗಿದ್ದರೆ ಡಬ್ಬಿಯನ್ನು ನೋಡಿ ಅವನು ಇಷ್ಟು ಹೆದರುತ್ತಿರಲಿಲ್ಲವೋ ಏನೋ. ಆದರೆ ನಾಡಿದ್ದು ಸಾವಕಾರರು ತಾಯಿ ಪಾರ್ವತೆಮ್ಮನವರಿಗೆ ಸಮುದ್ರಸ್ನಾನ ಮಾಡಿಸಲು ಬೊಂಬಾಯಿಗೆ ಹೊರಡುವವರಿದ್ದರು. ದಾರಿ ತೋರಿಸಲು ಅಂದಪ್ಪ. ಅಂಗಡಿ ನೋಡಿಕೊಳ್ಳಲು ಇನ್ನೊಬ್ಬ ಗುಮಾಸ್ತ ವೆಂಕೋಬ. ಸುದ್ದಿ ಕೇಳಿದಾಗ ಅಂದಪ್ಪನಿಗೆ ಮೊದಲು ಹೆದರಿಕೆಯೇ ಆಗಿತ್ತು. ಆಮೇಲೆ ನಿಧಾನವಾಗಿ ಒಂದು ಆಸೆ ಚಿಗುರಿತು. ಸಾವಕಾರರ ಜೊತೆ ಹೋದರೆ ಟ್ರಾಮಿಗೆ ಹೆದರಬೇಕಿಲ್ಲ. ಎರಡು ವರ್ಷ ಬಾಯಲ್ಲಿ ಹೇಳಿದ್ದನ್ನು ಒಮ್ಮೆ ಕಣ್ಣಲ್ಲಿ ನೋಡಬಹುದು. ಸುಳ್ಳು ಸದ್ದಿಲ್ಲದೆ ನಿಜವಾಗಿಬಿಡುತ್ತದೆ. ಹೆಂಡತಿ ಕಳಕಮ್ಮ ಆಗಲೇ ಬೇಡಿಕೆ ಇಟ್ಟಿದ್ದಳು: "ಹ್ವಾದ ಸಲ ಮರ್ತು ಬಂದ್ರಿ. ಈ ಸಲರ ಸಮುದ್ರದ ದಂಡ್ಯಾಗಿಂದು ಒಂದು ಶಂಖ ತರ್ರಿ. ಅದನ್ನ ಕಿವಿಗೆ ಹಿಡಿದ್ರ ಸಮುದ್ರ ಕೇಳತೈತಂತ, ನೀವ ಹೇಳಿದ್ರಲ್ಲ." ತರುತ್ತೇನೆ ಎಂದು ಅಂದಪ್ಪ ಮಾತು ಕೊಟ್ಟಿದ್ದ. ಎರಡು ವರ್ಷದಲ್ಲಿ ಅವನು ಆ ಊರಿನ ಬಗ್ಗೆ ಮನಸ್ಸಿನಿಂದ ಆಡಿದ ಮಾತು ಅದೊಂದೇ.

ಈಗ ಎರಡು ದಿನ ಈ ಡಬ್ಬಿ ದೂರ ಇದ್ದರೆ ಸಾಕಾಗಿತ್ತು.

ಅಂದಪ್ಪ ಅವಸರದಿಂದ ಕಟ್ಟೆ ಇಳಿದ. "ಸಾಬ್ರ, ಇಲ್ಲಿ ಇಡಬ್ಯಾಡ್ರಿ. ಗಿರಾಕಿಗೆ ಅಡ್ಡ ಆಗತೈತಿ."

ಅಬ್ದುಲಸಾಬ ಅವನ ಮುಖವನ್ನು ದಿಟ್ಟಿಸಿದ. "ನೀವು ಕೊಪ್ಪಳ ಟೇಶನ್ನಿನ್ಯಾಗ ನಾಕು ಸಲ ನೋಡಿದವ್ರಲ್ರಿ? ಒಂದ ಚಪ್ಪಲಿ ಹಾಕ್ಕೊಂಡಿದ್ರಿ. ನಾ ಮರ್ತಿಲ್ಲ."

"ಅದೆಲ್ಲಾ ಆಮ್ಯಾಲ ಮಾತಾಡೂನು," ಎಂದು ಅಂದಪ್ಪ ಅವನ ಬಾಯಿಗೆ ತನ್ನ ಎಲೆಯಡಿಕೆಯ ಕವಳವನ್ನೇ ತುರುಕಿದ. "ಬಿಸಲು ಭಾಳ ಐತಿ. ಎಲ್ಯರ ನೆಳ್ಳು ನೋಡಿ, ಹೆಣ್ಮಕ್ಕಳು ಇರೂ ಕಡೆ ಹೋಗ್ರಿ, ಯಾಪಾರ ಛಲೋ ಆಗತೈತಿ."

ಇದು ಅಂದಪ್ಪನ ಬುದ್ಧಿವಂತಿಕೆ. ಅಬ್ದುಲಸಾಬ ಹೇಳಿದ ಮಾತು ಕೇಳುವ ಮನುಷ್ಯ. ಡಬ್ಬಿ ಹೊತ್ತು ನೆರಳು ಹುಡುಕುತ್ತ ಹೋದ. ಕುಷ್ಟಗಿಯಲ್ಲಿ ಎಲ್ಲಕ್ಕಿಂತ ದಟ್ಟವಾದ ನೆರಳು ಸಾವಕಾರರ ವಾಡೆಯ ಮುಂದಿನ ಹುಣಸೆಮರದ್ದು, ಹೆಣ್ಣುಮಕ್ಕಳು ಕೂಡುವ ಕಟ್ಟೆಯೂ ಅದೇ. ಇದು ಅಂದಪ್ಪನಿಗೆ ಹೊಳೆದದ್ದು ಒಬ್ಬ ಮುದುಕಿಗೆ ಇಳಕಲ್ಲಿನ ಸೀರೆ ಬಿಚ್ಚಿ ತೋರಿಸುತ್ತಿದ್ದಾಗ. ಸೀರೆಯನ್ನು ಅವಳ ತಲೆಯ ಮೇಲೆಯೇ ಬಿಟ್ಟು ಓಡಿದ.

ಅವನು ತಲುಪುವಷ್ಟರಲ್ಲಿ ಅಬ್ದುಲಸಾಬ ಶುರುಮಾಡಿಯಾಗಿತ್ತು. "ನೋಡ್ರಿ ಸಮುದ್ರದ ದರವಾಜ! ಕದಾ ಇಲ್ಲ, ಕೀಲಿ ಇಲ್ಲ, ನೀರು ಬಂದು ಬಡಿತೈತಿ, ಯಾರೂ ತೆಗಿಯೂದಿಲ್ಲ!"

ಅಂಗಡಿಯ ಉದ್ರಿ ಬಾಕಿ ವಸೂಲಿಗೆಂದು ಹೊರಟಿದ್ದ ವೆಂಕೋಬ ಆ ದಾರಿಯಲ್ಲೇ ಬರುತ್ತಿದ್ದವನು ಗಕ್ಕನೆ ನಿಂತ. ಎರಡು ವರ್ಷದಿಂದ ಅಂದಪ್ಪನ ಬಾಯಲ್ಲಿ ಇದೇ ಮಾತನ್ನು ಕೇಳಿ ಕೇಳಿ ಅವನ ಕಿವಿ ತೂತು ಬಿದ್ದಿತ್ತು. ಬೊಂಬಾಯಿಗೆ ಹೋಗಬೇಕೆಂಬ ಆಸೆ ಅವನಿಗೂ ಇತ್ತು, ಅಂಗಡಿ ಕಾಯುವ ಪಾಳಿ ಬಂದದ್ದಕ್ಕೆ ಹೊಟ್ಟೆಯಲ್ಲಿ ಉರಿಯೂ ಇತ್ತು. ಡಬ್ಬಿಯನ್ನು ನೋಡಿದ, ಅಂದಪ್ಪನ ಬೆವರಿದ ಮುಖವನ್ನು ನೋಡಿದ, ಸಾವಕಾರರನ್ನು ಕರೆಯಲು ನೇರವಾಗಿ ವಾಡೆಯೊಳಗೆ ನಡೆದ.

ಅಂದಪ್ಪನಿಗೆ ಉಳಿದದ್ದು ಒಂದೇ ದಾರಿ. ಒಂದು ಗಾಜಿಗೆ ಕಣ್ಣು ಹಚ್ಚಿದ, ಇನ್ನೆರಡನ್ನು ಎರಡು ಅಂಗೈಯಿಂದ ಮುಚ್ಚಿದ. ಹಾಗೆ ಡಬ್ಬಿಯನ್ನು ಅಪ್ಪಿಕೊಂಡು ನಿಂತ ಅವನನ್ನು ನೋಡಿದವರಿಗೆ, ಬಹಳ ದಿನದ ಮೇಲೆ ತಮ್ಮನನ್ನು ಕಂಡಿದ್ದಾನೆ ಎನಿಸುವಂತಿತ್ತು.

"ಅಂದಪ್ಪ, ಅದೇನು ಮಾಡಾಕ ಹತ್ತೀದಿ?" ಸಾವಕಾರರ ದನಿ. ಅವರ ಹಿಂದೆ ಕೋಲೂರಿಕೊಂಡು ಪಾರ್ವತೆಮ್ಮ, ಅವರ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತ ಮನೆಯ ಹೆಣ್ಣುಮಕ್ಕಳು. ಆ ಗುಂಪಿನಲ್ಲಿ, ವಾಡೆಗೆ ಶಾವಿಗೆ ಹೊಸೆಯಲು ಬಂದಿದ್ದ ಕಳಕಮ್ಮನೂ ಇದ್ದಳು.

"ಏನಿಲ್ರಿ ಧಣ್ಯಾರ. ಧೂಳ ಕುಂತಿತ್ತು, ವರಸಾಕ ಹತ್ತಿದ್ದೆ."

"ಸರಿಯೋ ಅತ್ತಾಗ," ಎಂದರು ಪಾರ್ವತೆಮ್ಮ. "ನಾಡಿದ್ದು ಹೋಗೂ ಊರು ಹೆಂಗೈತಿ ನೋಡ್ತೀನಿ."

ಅಂದಪ್ಪ ಸರಿದು ನಿಂತ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಲು ತಯಾರಾಗಿಯೇ ನಿಂತ. ಸಾವಕಾರರು ಕೆಲಸ ಬಿಡಿಸಿದರೂ ಸಹಿಸಬಹುದು, ಕಳಕಮ್ಮನ ಮುಖವನ್ನು ನೋಡುವುದು ಹೇಗೆ ಎಂದುಕೊಂಡ. ಪಾರ್ವತೆಮ್ಮ ಒಂದು ಗಾಜಿಗೆ, ಸಾವಕಾರರು ಇನ್ನೊಂದಕ್ಕೆ, ಕರೆಯದಿದ್ದರೂ ವೆಂಕೋಬ ಮೂರನೆಯದಕ್ಕೆ ಕಣ್ಣು ಹಚ್ಚಿದರು. ಅಬ್ದುಲಸಾಬ ಹಿಡಿಕೆ ತಿರುವಿದ.

"ಗಡಿಯಾರದ ಗೋಪುರ ಬಂತು," ಎಂದರು ಸಾವಕಾರರು. "ಹತ್ತೂ ಕಾಲು."

"ಹತ್ತೂ ಕಾಲ ಐತ್ರಿ," ಎಂದ ವೆಂಕೋಬ, ಸಕ್ಕರೆ ತಿಂದವನ ದನಿಯಲ್ಲಿ.

"ದರವಾಜದ ಮುಂದ ಹಸರ ಸೀರಿ ಉಟ್ಟು ಛತ್ರಿ ಹಿಡಕೊಂಡು ಒಬ್ಬಾಕಿ ನಿಂತಿದ್ಲು ಅಂತ ಅಂದಪ್ಪ ಹೇಳ್ತಿದ್ದನಲ್ಲ," ಎಂದರು ಪಾರ್ವತೆಮ್ಮ. "ಪಾಪ, ಇನ್ನೂ ನಿಂತಾಳ."

ಇನ್ನು ತಡೆಯಲಾರದೆ ವೆಂಕೋಬ ತಲೆ ಎತ್ತಿದ. "ಧಣ್ಯಾರ, ತಿಳೀತಿಲ್ರಿ? ಇವ ಬೊಂಬಾಯಿ ನೋಡೇ ಇಲ್ಲ. ಈ ಡಬ್ಬಿ ನೋಡಿ ನಮಗೆಲ್ಲಾ ಹೇಳ್ಯಾನ. ಸಾಬ್ರನ್ನ ಕೇಳ್ರಿ."

ಎಲ್ಲರೂ ಅಬ್ದುಲಸಾಬನ ಕಡೆ ತಿರುಗಿದರು. ಸುಳ್ಳು ಹೇಳಿ ಅವನಿಗೆ ರೂಢಿಯಿಲ್ಲ. "ಕೊಪ್ಪಳದಾಗ ನೋಡ್ಯಾರ್ರಿ," ಎಂದ. "ನಾಕು ಸಲ."

ಕಳಕಮ್ಮ ಗಂಡನನ್ನೇ ನೋಡುತ್ತಿದ್ದಳು. ಅಂದಪ್ಪ ಹುಣಸೆಮರದ ಬೊಡ್ಡೆಯ ಹಿಂದಕ್ಕೆ ಸರಿಯತೊಡಗಿದ.

"ತಡೀರಿ," ಎಂದರು ಪಾರ್ವತೆಮ್ಮ. ಅವರು ಡಬ್ಬಿಯಿಂದ ಕಣ್ಣು ತೆಗೆದಿರಲೇ ಇಲ್ಲ. "ಕೊಟ್ರಬಸ, ಆ ಹಸರ ಸೀರಿಯಾಕಿ ಬಲಕ್ಕ ನೋಡು. ಕರೀ ಕೋಟು, ತಲಿಗೆ ಬಿಳಿ ಪಟಗ, ಬೆನ್ನ ಮಾಡಿ ನಿಂತಾನ. ಎಡಗಡೆ ಹೆಗಲು ಇಳದೈತಿ. ಇವ ನಮ್ಮ ಅಂದಪ್ಪ ಅಲ್ಲೇನೋ?"

ಇಪ್ಪತ್ತು ವರ್ಷ ಜವಳಿ ಗಂಟು ಹೊತ್ತು ಅಂದಪ್ಪನ ಎಡ ಹೆಗಲು ಇಳಿದದ್ದು ಊರಿಗೇ ಗೊತ್ತು. ಬೊಂಬಾಯಿಗೆ ಹೋಗುವಾಗ ಅವನು ಹಾಕಿಕೊಂಡಿದ್ದ ಕರಿ ಕೋಟು ಸಾವಕಾರರೇ ಕೊಟ್ಟದ್ದು. ಸಾವಕಾರರು ಮತ್ತೆ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು.

"ನಮ್ಮ ಕೋಟ ಐತಿ," ಎಂದರು.

"ಧಣ್ಯಾರ, ಅದು ಯಾರದರ ಬೆನ್ನು ಇರಬೌದು," ಎಂದ ವೆಂಕೋಬ.

"ಚಿತ್ರದಾಗ ಇದ್ದಾವ ಹೊರಗ ನಿಂತು ನೋಡಿ ಹೇಳ್ಯಾನಂತೀಯಲ್ಲೋ," ಎಂದರು ಪಾರ್ವತೆಮ್ಮ. "ನಾಕು ಸಲ ನೋಡಿದ್ರ ಏನಾತು? ತನ್ನ ಚಿತ್ರ ತಾ ಯಾರು ನೋಡೂದಿಲ್ಲ?"

ಸುದ್ದಿ ಸಂತೆಗೆ ಹಬ್ಬಿತು. ಮೆಣಸಿನಕಾಯಿ ಮಾರುವವರು, ಕೊಳ್ಳುವವರು, ಕುರಿ ಹಿಡಿದವರು ಎಲ್ಲರೂ ಹುಣಸೆಮರದ ಕೆಳಗೆ ಸಾಲು ನಿಂತು ಬೊಂಬಾಯಿಯಲ್ಲಿರುವ ಅಂದಪ್ಪನನ್ನು ನೋಡಿದರು, ನೋಡಿ ಕುಷ್ಟಗಿಯಲ್ಲಿರುವ ಅಂದಪ್ಪನಿಗೆ ಕೈ ಮುಗಿದು ಹೋದರು. ಕಳಕಮ್ಮ ಮೂರು ಸಲ ನೋಡಿ, ಕಣ್ಣೊರೆಸಿಕೊಂಡು, "ಸ್ವಲ್ಪ ಈ ಕಡೆ ತಿರುಗಿದ್ರ ಏನಾಗ್ತಿತ್ತು ನಿಮಗ," ಎಂದಳು. ಅಂದಪ್ಪನಿಗೂ ಸಣ್ಣಗೆ ನಂಬಿಕೆ ಬರತೊಡಗಿತ್ತು. ನಾಡಿದ್ದು ರೈಲು, ಆಚೆ ನಾಡಿದ್ದು ಸಮುದ್ರ. ಬದುಕಿದೆ ಎಂದುಕೊಂಡ.

ಆಗ ಸಾವಕಾರರು ಗಂಟಲು ಸರಿಮಾಡಿಕೊಂಡರು. ವೆಂಕೋಬ ತಲೆ ತಗ್ಗಿಸಿ ಎದುರಿಗೆ ನಿಂತಿದ್ದ.

"ವೆಂಕೋಬ, ನಿಂದೇನೂ ತಪ್ಪಿಲ್ಲ. ನೋಡದ ಮನಷಾಗ ಸಂಶಯ ಇರೂದ. ನೀನೂ ಕಣ್ಣಾರೆ ನೋಡಿದ್ರ ಹಿಂಗ ಮತ್ತೊಬ್ಬರ ಮ್ಯಾಲ ಮಾತಾಡೂದಿಲ್ಲ. ನಾಡಿದ್ದು ನಮ್ಮ ಜೋಡಿ ನೀ ಬಾ. ಅಂದಪ್ಪ ಅಂತೂ ಎಲ್ಲಾ ನೋಡಿ, ಅಲ್ಲೇ ನಿಂತು ಬಿಟ್ಟಾನ. ಅವಗ ಇನ್ನೇನು ನೋಡೂದೈತಿ? ಅಂಗಡಿ ನೋಡ್ಕೋತಾನ."

ಕೈಗೆ ಬಂದ ಸಮುದ್ರ ಅಂದಪ್ಪನ ಕೈಬಿಟ್ಟಿತು. ಮಾನ, ಮರ್ಯಾದೆ ಎಲ್ಲ ಆ ಗಳಿಗೆಗೆ ಬೇಡವಾದವು. ಮುಂದೆ ಬಂದು ಸಾವಕಾರರ ಕಾಲು ಹಿಡಿದ.

"ಧಣ್ಯಾರ, ನಾ ಬೊಂಬಾಯಿ ನೋಡಿಲ್ರಿ. ದೇವರಾಣಿ ನೋಡಿಲ್ಲ. ವೆಂಕೋಬ ಹೇಳಿದ್ದ ಖರೆ. ಐದು ದಿನ ಅಡತಿ ಅಂಗಡ್ಯಾಗ ಕುಂತಿದ್ದೆ. ಟ್ರಾಮಿಗೆ ಅಂಜಿದ್ದೆ. ನನ್ನ ಕರಕೊಂಡು ಹೋಗ್ರಿ."

ಪಾರ್ವತೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ನೋಡಿದ್ಯಾ ವೆಂಕೋಬ," ಎಂದರು. "ಮಂದ್ಯಾಗ ನಿನ್ನ ಮಾನ ಹೋಗಬಾರದು ಅಂತ ತನ್ನ ಮ್ಯಾಲ ಸುಳ್ಳು ಹಾಕ್ಕೊಳ್ಳಾಕ ಹತ್ಯಾನ. ಇಂಥಾ ಮನಷಾನ ಮ್ಯಾಲ ಮಾತಾಡಿದಿ ನೀನು."

ವೆಂಕೋಬನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೇ. ಬಗ್ಗಿ ಅಂದಪ್ಪನನ್ನು ಎಬ್ಬಿಸಿ, "ತಪ್ಪಾತು ಅಂದಪ್ಪಣ್ಣ," ಎಂದ. "ಅಲ್ಲಿ ಏನೇನು ನೋಡಬೇಕು, ಹೆಂಗ ಹೋಗಬೇಕು, ಎಲ್ಲಾ ಒಂದು ಹಾಳ್ಯಾಗ ಬರದು ಕೊಡು."

"ಅದರಾಗ ಒಂದು ಶಂಖನೂ ಬರೀರಿ," ಎಂದಳು ಕಳಕಮ್ಮ, ಪಕ್ಕದಿಂದ. "ವೆಂಕೋಬಣ್ಣ ತರ್ತಾನ. ನಿಮಗಂತೂ ಅಲ್ಲಿ ಹೋದ್ರ ಗುಂಗು ಹಿಡಿತೈತಿ, ನೆನಪು ಇರೂದಿಲ್ಲ."

ಸಂಜೆ ಸಂತೆ ಕರಗಿತು. ಅಬ್ದುಲಸಾಬ ಹುಣಸೆಮರದ ಕೆಳಗೆ ಡಬ್ಬಿಯ ಕಾಲು ಮಡಚುತ್ತಿದ್ದ. ವೆಂಕೋಬನಿಗೆ ಹಾಳೆ ಬರೆದುಕೊಟ್ಟು ಬಂದ ಅಂದಪ್ಪ ಅವನ ಪಕ್ಕ ನಿಂತ. ಹೆಬ್ಬೆರಳು ಈಗ ಬದನೆಕಾಯಿಯಷ್ಟು ಊದಿತ್ತು. ಕಿಸೆಯಿಂದ ದುಡ್ಡು ತೆಗೆದ.

"ಬ್ಯಾಡ್ರಿ ಅಣ್ಣಾರ," ಎಂದ ಅಬ್ದುಲಸಾಬ, ಡಬ್ಬಿಯನ್ನು ಮತ್ತೆ ನಿಲ್ಲಿಸುತ್ತ. "ನಿಮ್ಮನ್ನ ನೀವು ನೋಡ್ಕೊಳ್ಳಾಕ ನಾ ಏನು ತಗೊಳ್ಳೂದು?"

ಹಿಡಿಕೆ ತಿರುಗಿತು. ಗುಮಟ ಹೋಯಿತು, ಹುಲಿ ಹೋಯಿತು, ಹತ್ತೂ ಕಾಲು ಹೋಯಿತು. ದರವಾಜ ಬಂತು. ಹಸಿರು ಸೀರೆಯವಳ ಬಲಕ್ಕೆ ಅವನು ನಿಂತಿದ್ದ, ಹೆಗಲು ಇಳಿಬಿಟ್ಟುಕೊಂಡು. ಎರಡು ವರ್ಷದ ಹಿಂದೆ ನಾಲ್ಕು ಸಲ ನೋಡಿದಾಗ ಅಂದಪ್ಪ ಇವನನ್ನು ಗಮನಿಸಿರಲಿಲ್ಲ. ಈಗ ಅವನ ಮೇಲೆ ಸಿಟ್ಟು ಬಂತು, ಹೊಟ್ಟೆಕಿಚ್ಚೂ ಬಂತು. ಊರಿಗೆಲ್ಲ ಬೆನ್ನು ಮಾಡಿ, ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದ ಆ ಅಂದಪ್ಪ.

"ಅಣ್ಣಾರ, ಒಂದು ಕೇಳ್ತೀನಿ," ಎಂದ ಅಬ್ದುಲಸಾಬ, ಹಿಡಿಕೆ ನಿಲ್ಲಿಸಿ. "ಚಿತ್ರ ಮಾಸಿತ್ತಂತ ಸಮುದ್ರಕ್ಕ ನಾನ ಬಟ್ಟಿಗೆ ಹಾಕೂ ನೀಲಿ ಹಚ್ಚೀನಿ. ನಾ ಬೊಂಬಾಯಿ ನೋಡಿಲ್ಲ. ನೀವು ನೋಡೀರಿ. ಬಣ್ಣ ಖರೆ ಐತೇನ್ರಿ?"

ಅಂದಪ್ಪ ಗಾಜಿನಿಂದ ಕಣ್ಣು ತೆಗೆಯಲಿಲ್ಲ.

"ಖರೆ ಐತಿ ಸಾಬ್ರ," ಎಂದ. "ಥೇಟ್ ಹಿಂಗ ಐತಿ."